ರಿಕ್ರೂಟರ್ ಫೋನ್ ಮಾಡಿದಾಗ: ಮೊದಲ ಮಾತಿನಿಂದ ಆಫರ್ ಲೆಟರ್‌ವರೆಗೆ

ಫೋನ್ ಬರುತ್ತದೆ. "ನಿಮ್ಮ ಪ್ರೊಫೈಲ್ ನೋಡಿದೆ, ಒಂದು ಒಳ್ಳೆಯ ಕೆಲಸ ಇದೆ, ಆಸಕ್ತಿ ಇದೆಯಾ?" ಹತ್ತು ನಿಮಿಷ ಮಾತಾಗುತ್ತದೆ. ಆ ಕಡೆಯವರು ಖುಷಿಯಿಂದಲೇ ಮಾತಾಡುತ್ತಾರೆ. ನೀವು ಅವತ್ತೇ ರೆಸ್ಯೂಮೆ ಕಳಿಸುತ್ತೀರಿ. ಆಮೇಲೆ ಸದ್ದೇ ಇಲ್ಲ. ಒಂದು ವಾರ ಆಯಿತು, ಎರಡು ವಾರ ಆಯಿತು. ಮೆಸೇಜ್ ಹಾಕಿದರೂ ಉತ್ತರ ಬರುವುದಿಲ್ಲ. ನನ್ನಲ್ಲೇ ಏನೋ ಕೊರತೆ ಇರಬೇಕು ಅಂತ ಮನಸ್ಸು ಕುಗ್ಗುತ್ತದೆ.

ನಾನೂ ಹೀಗೆ ಕುಗ್ಗಿದವನೇ. ಆಮೇಲೆ ಕೆಲವು ವರ್ಷ ನನ್ನ ತಂಡಕ್ಕೆ ನಾನೇ ಜನರನ್ನು ಆರಿಸಬೇಕಾಗಿ ಬಂತು. ಆಗ ರಿಕ್ರೂಟರ್‌ಗಳ ಜೊತೆ ಹೆಚ್ಚುಕಡಿಮೆ ದಿನಾ ಮಾತಾಡಿದೆ. ಆಗ ತಿಳಿದದ್ದು ಇಷ್ಟು: ರಿಕ್ರೂಟರ್ ನಮಗೆ ಕೆಲಸ ಹುಡುಕಿಕೊಡುವವರಲ್ಲ, ಕಂಪನಿಗೆ ಜನ ಹುಡುಕಿಕೊಡುವವರು. ಅವರಿಗೆ ದುಡ್ಡು ಕೊಡುವುದು ಕಂಪನಿ. ಕೇಳಲು ಸ್ವಲ್ಪ ಕಹಿ ಅನಿಸಬಹುದು. ಆದರೆ ಇದು ತಲೆಗೆ ಇಳಿದ ಮೇಲೆ ಅವರ ಮೌನಕ್ಕೆ ನೊಂದುಕೊಳ್ಳುವುದು ಕಡಿಮೆಯಾಗುತ್ತದೆ, ಅವರಿಂದ ನಿಜವಾಗಿ ಏನು ಸಿಗುತ್ತದೆ ಅನ್ನುವುದೂ ಕಾಣತೊಡಗುತ್ತದೆ. ಕೆಳಗೆ ಬರೆದದ್ದೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿದ್ದು.

1. ಮಾತಾಡುತ್ತಿರುವವರು ಯಾರು ಅಂತ ಮೊದಲು ತಿಳಿದುಕೊಳ್ಳಿ

ರಿಕ್ರೂಟರ್ ಅಂದರೆ ಎಲ್ಲರೂ ಒಂದೇ ಅಲ್ಲ. ಕೆಲವರು ಕಂಪನಿಯ ಒಳಗಿನವರು, ಅಲ್ಲೇ ಸಂಬಳ ತೆಗೆದುಕೊಳ್ಳುವವರು. ಅವರಿಗೆ ತಂಡದ ಮುಖ್ಯಸ್ಥರು ಗೊತ್ತು, ಸಂಬಳದ ಮಿತಿ ಗೊತ್ತು, ಇಂಟರ್‌ವ್ಯೂ ಎಷ್ಟು ಸುತ್ತು ಅನ್ನುವುದೂ ಗೊತ್ತು. ಆದರೆ ಅವರ ಕೈಯಲ್ಲಿರುವುದು ಆ ಒಂದು ಕಂಪನಿಯ ಕೆಲಸಗಳು ಮಾತ್ರ.

ಇನ್ನು ಕೆಲವರು ಕನ್ಸಲ್ಟೆನ್ಸಿಯವರು, ಅಂದರೆ ಹೊರಗಿನ ಏಜೆನ್ಸಿಯವರು. ಇವರಲ್ಲಿ ಹೆಚ್ಚಿನವರಿಗೆ ನೀವು ಕೆಲಸಕ್ಕೆ ಸೇರಿದರೆ ಮಾತ್ರ ದುಡ್ಡು. ಕೆಲವು ಕಡೆ ಅದು ನಿಮ್ಮ ಒಂದು ತಿಂಗಳ ಸಂಬಳದಷ್ಟು ಇರುತ್ತದೆ, ಕೆಲವು ಕಡೆ ಮೊದಲ ವರ್ಷದ ಸಂಬಳದ ಶೇಕಡಾ 20–25ರಷ್ಟು. ನೀವು ಸೇರಿ ಕೆಲವೇ ದಿನಕ್ಕೆ ಬಿಟ್ಟರೆ ಅದನ್ನು ಕಂಪನಿಗೆ ವಾಪಸ್ ಕೊಡಬೇಕು, ಇಲ್ಲವೇ ಬೇರೊಬ್ಬರನ್ನು ಹುಡುಕಿ ಕೊಡಬೇಕು. ಈ ಅವಧಿ ಬಹಳ ಕಡೆ 90 ದಿನ. ಹಾಗಾಗಿ ನೀವು ಸೇರಿದ ಮೊದಲ ತಿಂಗಳುಗಳಲ್ಲಿ "ಎಲ್ಲ ಆರಾಮಾ?" ಅಂತ ಅವರು ಫೋನ್ ಮಾಡಿದರೆ, ಅದರಲ್ಲಿ ಕಾಳಜಿಯೂ ಇದೆ, ಲೆಕ್ಕವೂ ಇದೆ. ಎರಡೂ ಇರುವುದು ತಪ್ಪೇನಲ್ಲ.

ದೊಡ್ಡ ಹುದ್ದೆಗಳಿಗೆ ಜನ ಹುಡುಕುವವರು ಬೇರೆ. ಅವರಿಗೆ ಕಂಪನಿ ಮುಂಗಡವಾಗಿ ಮತ್ತು ಕಂತಿನಲ್ಲಿ ದುಡ್ಡು ಕೊಡುತ್ತದೆ. ಇವರು ಫೋನ್ ಮಾಡಿದರೆ ಹುದ್ದೆ ನಿಜವಾಗಿಯೂ ಖಾಲಿ ಇದೆ ಅಂತಲೇ ತಿಳಿಯಿರಿ. ಕಾಂಟ್ರ್ಯಾಕ್ಟ್ ಮೇಲೆ ಜನ ಕೊಡುವ ಏಜೆನ್ಸಿಗಳ ಲೆಕ್ಕ ಇನ್ನೊಂದು ಬಗೆ. ಕಂಪನಿ ಗಂಟೆಗೋ ತಿಂಗಳಿಗೋ ಕೊಡುವ ದುಡ್ಡಿಗೂ ನಿಮ್ಮ ಕೈಗೆ ಬರುವ ದುಡ್ಡಿಗೂ ನಡುವಿನ ವ್ಯತ್ಯಾಸವೇ ಅವರ ಆದಾಯ. ಅಲ್ಲಿ ನಿಮ್ಮ ಮಾಲೀಕರು ಯಾರು, ಸಂಬಳ ಯಾರ ಖಾತೆಯಿಂದ ಬರುತ್ತದೆ, ರಜೆಗೆ ದುಡ್ಡು ಇದೆಯಾ ಅನ್ನುವುದನ್ನು ಮೊದಲ ದಿನವೇ ಕೇಳಬೇಕು.

"ನೀವು ಕಂಪನಿಯವರಾ, ಏಜೆನ್ಸಿಯವರಾ?" ಅಂತ ನೇರವಾಗಿ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

2. ಅವರ ಹುಡುಕಾಟಕ್ಕೆ ಸಿಗುವಂತೆ ಇರಿ

ಒಳ್ಳೆಯ ರಿಕ್ರೂಟರ್ ನಿಮ್ಮ ರೆಸ್ಯೂಮೆಯನ್ನು ಓದುವ ಮೊದಲು ಹುಡುಕುತ್ತಾರೆ. ಲಿಂಕ್ಡ್‌ಇನ್‌ನಲ್ಲೋ ಕೆಲಸದ ಪೋರ್ಟಲ್‌ನಲ್ಲೋ ಪದಗಳನ್ನು ಟೈಪ್ ಮಾಡುತ್ತಾರೆ: ಈ ಹುದ್ದೆ ಅಥವಾ ಆ ಹುದ್ದೆ, ಜೊತೆಗೆ ಈ ಸಾಫ್ಟ್‌ವೇರ್, ಇಷ್ಟು ವರ್ಷದ ಅನುಭವ, ಟ್ರೈನಿಗಳು ಬೇಡ. 'ಆಂಡ್', 'ಆರ್', 'ನಾಟ್' ಎಂಬ ಮೂರು ಪದ ಇಟ್ಟುಕೊಂಡು ಹೀಗೆ ಹುಡುಕುವುದಕ್ಕೆ ಅವರು ಬೂಲಿಯನ್ ಸರ್ಚ್ ಅನ್ನುತ್ತಾರೆ. ನಿಮ್ಮ ಪ್ರೊಫೈಲ್‌ನಲ್ಲಿ ಆ ಪದಗಳೇ ಇಲ್ಲದಿದ್ದರೆ ನೀವು ಎಷ್ಟು ಸಮರ್ಥರಾದರೂ ಅವರ ಕಣ್ಣಿಗೆ ಬೀಳುವುದಿಲ್ಲ.

ಕೆಲವು ಕಂಪನಿಗಳು ಹುದ್ದೆಗೆ ವಿಚಿತ್ರ ಹೆಸರು ಇಡುತ್ತವೆ. ನಿಮ್ಮ ಹುದ್ದೆಯ ಹೆಸರು 'ಗ್ರಾಹಕ ಸಂತೋಷ ತಜ್ಞ' ಅಂತ ಇದ್ದರೆ ಅದನ್ನು ಯಾರೂ ಹುಡುಕುವುದಿಲ್ಲ. ಅದರ ಪಕ್ಕದಲ್ಲೇ 'ಕಸ್ಟಮರ್ ಸಪೋರ್ಟ್' ಅಂತ ಸೇರಿಸಿ. ಇದು ಸುಳ್ಳಲ್ಲ, ಎಲ್ಲರಿಗೂ ಗೊತ್ತಿರುವ ಹೆಸರು ಅಷ್ಟೇ. ಇದಕ್ಕೆ ಒಂದು ಸುಲಭದ ದಾರಿ ಇದೆ. ನಿಮಗೆ ಇಷ್ಟವಾದ ಹತ್ತು ಕೆಲಸದ ಜಾಹೀರಾತು ತೆಗೆದು ಓದಿ. ಮತ್ತೆ ಮತ್ತೆ ಬರುವ ಪದಗಳನ್ನು ಗುರುತು ಹಾಕಿ. ಅವುಗಳಲ್ಲಿ ನೀವು ನಿಜವಾಗಿ ಮಾಡಿರುವುದು ಯಾವುದೋ ಅದನ್ನು ಅದೇ ಪದದಲ್ಲಿ ರೆಸ್ಯೂಮೆಗೆ ತನ್ನಿ. ಮಾಡದೇ ಇರುವುದನ್ನು ಸೇರಿಸಬೇಡಿ. ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಅದು ಬಯಲಾಗುತ್ತದೆ.

ಈಗಿರುವ ಕಡೆ ಗೊತ್ತಾಗದಂತೆ ಕೆಲಸ ಹುಡುಕುತ್ತಿದ್ದೀರಾ? ಲಿಂಕ್ಡ್‌ಇನ್‌ನ 'ಓಪನ್ ಟು ವರ್ಕ್' (ಕೆಲಸ ಹುಡುಕುತ್ತಿದ್ದೇನೆ ಅನ್ನುವ ಗುರುತು) ಅನ್ನು ರಿಕ್ರೂಟರ್‌ಗಳಿಗೆ ಮಾತ್ರ ಕಾಣುವಂತೆ ಇಡಬಹುದು. ಆಗ ಫೋಟೋ ಸುತ್ತ ಹಸಿರು ಚೌಕಟ್ಟು ಬರುವುದಿಲ್ಲ. ನಿಮ್ಮದೇ ಕಂಪನಿಯ ರಿಕ್ರೂಟರ್‌ಗಳಿಗೆ ಕಾಣದಂತೆ ಲಿಂಕ್ಡ್‌ಇನ್ ನೋಡಿಕೊಳ್ಳುತ್ತದೆ. ಆದರೆ ಪೂರ್ತಿ ಗುಟ್ಟಾಗಿ ಇರುತ್ತದೆ ಅಂತ ಅದು ಮಾತು ಕೊಡುವುದಿಲ್ಲ. ಈ ಅಪಾಯ ಗೊತ್ತಿದ್ದೇ ಒತ್ತಿ.

3. ಮೊದಲ ಕರೆ: ಹೇಳುವುದು ಸ್ವಲ್ಪ, ಕೇಳುವುದು ಜಾಸ್ತಿ

ಬಸ್ಸಿನಲ್ಲಿ ನಿಂತಿರುವಾಗ, ಆಫೀಸಿನ ಮೇಜಿನ ಮುಂದೆ ಕೂತಿರುವಾಗ ಫೋನ್ ಬಂದರೆ ಆಗಲೇ ಮಾತಾಡಬೇಕು ಅಂತಿಲ್ಲ. "ಈಗ ಮಾತಾಡಲು ಆಗುತ್ತಿಲ್ಲ, ಸಂಜೆ ಆರಕ್ಕೆ ಮಾತಾಡೋಣವಾ? ಅಷ್ಟರಲ್ಲಿ ಕೆಲಸದ ವಿವರ ಕಳಿಸಿ" ಅಂದರೆ ಸಾಕು. ವಿವರ ಬಂದರೆ ಓದಿಕೊಂಡು ಮಾತಾಡಬಹುದು. ಬರದಿದ್ದರೆ ಅದೂ ಒಂದು ಉತ್ತರವೇ.

ಮಾತು ಶುರುವಾದ ಮೇಲೆ ನಿಮ್ಮ ಬಗ್ಗೆ ಒಂದೂವರೆ ನಿಮಿಷದಲ್ಲಿ ಹೇಳಿ ಮುಗಿಸಿ. ಈಗ ಏನು ಮಾಡುತ್ತಿದ್ದೀರಿ, ಯಾವುದರಲ್ಲಿ ಗಟ್ಟಿ, ಮುಂದೆ ಏನು ಬೇಕು, ಯಾವಾಗ ಸೇರಬಹುದು. ರಿಕ್ರೂಟರ್ ಇದನ್ನೇ ತಂಡದ ಮುಖ್ಯಸ್ಥರಿಗೆ ಮತ್ತೆ ಹೇಳಬೇಕು. ನೀವು ಹೇಳಿದ್ದು ಅವರ ಬಾಯಲ್ಲಿ ನಿಲ್ಲುವಷ್ಟು ಚಿಕ್ಕದಾಗಿದ್ದರೆ ಅದು ಹಾಗೆಯೇ ಮುಂದೆ ಹೋಗುತ್ತದೆ. ಉದ್ದವಾಗಿದ್ದರೆ ಅವರು ತಮಗೆ ತೋಚಿದಂತೆ ಕತ್ತರಿಸುತ್ತಾರೆ. ನನ್ನ ಬಳಿ ಬಂದ ಎಷ್ಟೋ ಅಭ್ಯರ್ಥಿಗಳ ಬಗ್ಗೆ ರಿಕ್ರೂಟರ್ ಬರೆದ ಟಿಪ್ಪಣಿ ಮೂರೇ ಸಾಲು ಇರುತ್ತಿತ್ತು. ಆ ಮೂರು ಸಾಲು ಏನಿರಬೇಕು ಅನ್ನುವುದನ್ನು ನೀವೇ ಕೊಟ್ಟುಬಿಡಿ.

ಆಮೇಲೆ ಕೇಳಲು ಶುರು ಮಾಡಿ. ಕಂಪನಿ ಯಾವುದು? ಈ ಹುದ್ದೆ ಹೊಸದಾ, ಯಾರೋ ಬಿಟ್ಟು ಹೋದ ಜಾಗವಾ? ಎಷ್ಟು ದಿನದಿಂದ ಖಾಲಿ ಇದೆ? ಇಲ್ಲಿಯವರೆಗೆ ಇಂಟರ್‌ವ್ಯೂಗೆ ಹೋದವರು ಯಾವ ಕಾರಣಕ್ಕೆ ಬಿದ್ದುಹೋದರು? ತಂಡದ ಮುಖ್ಯಸ್ಥರ ಜೊತೆ ನೀವು ನೇರವಾಗಿ ಮಾತಾಡಿದ್ದೀರಾ?

ಈ ಕೊನೆಯ ಎರಡು ಪ್ರಶ್ನೆಗಳನ್ನು ಬಿಡಲೇಬೇಡಿ. ಹಿಂದಿನವರು ಯಾಕೆ ಬಿದ್ದರು ಅನ್ನುವುದು ತಿಳಿದರೆ ಕಂಪನಿಗೆ ನಿಜವಾಗಿ ಏನು ಬೇಕು ಅನ್ನುವುದು ಜಾಹೀರಾತಿಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಇನ್ನು ಮುಖ್ಯಸ್ಥರ ಜೊತೆ ಮಾತಾಡಿದ ರಿಕ್ರೂಟರ್ ನಿಮ್ಮ ಪರವಾಗಿ ಒಂದು ಮಾತು ಹೇಳಬಲ್ಲರು. ಬರೀ ಮೇಲ್ ನೋಡಿಕೊಂಡು ಕೆಲಸ ಮಾಡುವವರಿಂದ ರೆಸ್ಯೂಮೆ ತಲುಪಿಸುವುದಷ್ಟೇ ಸಾಧ್ಯ. ಇಬ್ಬರ ಮೇಲೂ ಒಂದೇ ಅಳತೆಯ ನಂಬಿಕೆ ಇಡಬೇಡಿ.

ನಿಮಗೆ ಹೊಂದದ ಕೆಲಸ ಅನಿಸಿದರೆ ಅಲ್ಲೇ ಹೇಳಿಬಿಡಿ. ಮುಲಾಜಿಗೆ ಹೂಂ ಅಂದು ಆಮೇಲೆ ಫೋನ್ ಎತ್ತದೇ ಇರುವುದು ಇಬ್ಬರಿಗೂ ನಷ್ಟ. "ಇದು ನನಗೆ ಸರಿಹೋಗುವುದಿಲ್ಲ, ಆದರೆ ಇಂಥದ್ದು ಬಂದರೆ ಖಂಡಿತ ತಿಳಿಸಿ" ಅಂತ ಹೇಳಿದವರ ಹೆಸರು ಅವರ ನೆನಪಿನಲ್ಲಿ ಉಳಿಯುತ್ತದೆ. ಪರಿಚಯದ ಯಾರಿಗಾದರೂ ಆ ಕೆಲಸ ಹೊಂದುತ್ತದಾ? ಅವರನ್ನು ಒಂದು ಮಾತು ಕೇಳಿ, ಅವರು ಒಪ್ಪಿದ ಮೇಲೆ ಹೆಸರು ಕೊಡಿ.

4. ಸಂಬಳದ ಮಾತು

ಮೊದಲ ಕರೆಯಲ್ಲೇ ಈ ಪ್ರಶ್ನೆ ಬರುತ್ತದೆ. "ಈಗ ಎಷ್ಟು? ಎಷ್ಟು ಬೇಕು?" ಬಹಳ ಜನ ತಡವರಿಸುವುದು ಇಲ್ಲೇ. ತಯಾರಿ ಇಲ್ಲದೆ ಒಂದು ಅಂಕಿ ಬಾಯಿಂದ ಜಾರಿದರೆ ಕೊನೆಯವರೆಗೂ ಮಾತು ಅದರ ಸುತ್ತಲೇ ತಿರುಗುತ್ತದೆ.

ಮೊದಲು ಅವರನ್ನೇ ಕೇಳಿ: "ಈ ಹುದ್ದೆಗೆ ಎಷ್ಟರಿಂದ ಎಷ್ಟರವರೆಗೆ ಇಟ್ಟಿದ್ದಾರೆ?" ಇದು ಧಿಮಾಕಿನ ಪ್ರಶ್ನೆ ಅಲ್ಲ. ಐರೋಪ್ಯ ಒಕ್ಕೂಟ 2023ರಲ್ಲಿ ತಂದ ನಿಯಮದ ಪ್ರಕಾರ, ಅಭ್ಯರ್ಥಿಗೆ ಸಂಬಳದ ಮಿತಿ ತಿಳಿಯುವ ಹಕ್ಕಿದೆ, ಹಳೆಯ ಸಂಬಳ ಎಷ್ಟು ಅಂತ ಕಂಪನಿ ಕೇಳುವಂತಿಲ್ಲ. ಸದಸ್ಯ ದೇಶಗಳು ಇದನ್ನು ತಮ್ಮ ಕಾನೂನಿಗೆ ತರಲು 2026ರ ಜೂನ್ ಗಡುವು ಇಡಲಾಗಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ಹಳೆಯ ಸಂಬಳ ಕೇಳುವುದನ್ನು ತಡೆಯುವ ಕಾನೂನನ್ನು 2016ರಲ್ಲೇ ಮಾಡಿತು, 2018ರಲ್ಲಿ ಅದು ಜಾರಿಗೆ ಬಂತು. ನೀವಿರುವ ಕಡೆ ಇಂಥ ಕಾನೂನು ಇರಲಿ ಇಲ್ಲದಿರಲಿ, ಕೇಳುವುದಕ್ಕೆ ಅಡ್ಡಿ ಏನೂ ಇಲ್ಲ.

ಅವರು ಹೇಳದಿದ್ದರೆ ನೀವೇ ಒಂದು ಮಿತಿ ಹೇಳಿ. ಆ ಮಿತಿಯ ಕೆಳಗಿನ ಅಂಕಿ ನೀವು ಸಂತೋಷವಾಗಿ ಒಪ್ಪುವಂಥದ್ದೇ ಆಗಿರಬೇಕು, ಯಾಕೆಂದರೆ ಆ ಕಡೆಯವರಿಗೆ ಹೆಚ್ಚಾಗಿ ಕೇಳಿಸುವುದು ಅದೇ. ಹಳೆಯ ಸಂಬಳದ ಬಗ್ಗೆ ಸುಳ್ಳು ಹೇಳಬೇಡಿ. ಸಂಬಳದ ಚೀಟಿ ಕೇಳಿದ ದಿನ ಕೈಗೆ ಬಂದ ಆಫರ್ ಕೂಡ ತಪ್ಪಿಹೋಗಬಹುದು. ಹೇಳಲು ಇಷ್ಟವಿಲ್ಲದಿದ್ದರೆ "ಈಗಿನ ಕೆಲಸ ಬೇರೆ ಥರದ್ದು, ಈ ಹುದ್ದೆಯ ಜವಾಬ್ದಾರಿ ನೋಡಿಕೊಂಡು ಮಾತಾಡೋಣ" ಅನ್ನಿ.

ಏಜೆನ್ಸಿಯವರ ಫೀಸು ನಿಮ್ಮ ಸಂಬಳದ ಲೆಕ್ಕದಲ್ಲಿ ಇರುವುದರಿಂದ ನಿಮಗೆ ಜಾಸ್ತಿ ಬಂದರೆ ಅವರಿಗೂ ಜಾಸ್ತಿ. ಅದು ನಿಜ. ಆದರೆ ನಿಮಗೆ ಶೇಕಡಾ 5 ಹೆಚ್ಚಾದರೆ ಅವರಿಗೆ ಸಿಗುವುದು ಸಣ್ಣ ಮೊತ್ತ, ನೀವು ಸೇರದೇ ಹೋದರೆ ಅವರಿಗೆ ಏನೂ ಇಲ್ಲ. ಹಾಗಾಗಿ ಚೌಕಾಸಿಯ ಕೊನೆಗೆ ಅವರು ನಿಮ್ಮನ್ನು ಒಪ್ಪಿಸುವ ಕಡೆಗೇ ವಾಲುತ್ತಾರೆ. "ಇದೇ ಕೊನೆ, ಇನ್ನು ಏರುವುದಿಲ್ಲ" ಅಂದಾಗ ಇದು ನೆನಪಿರಲಿ. "ಒಮ್ಮೆ ಕಂಪನಿಯವರನ್ನು ಕೇಳಿ ನೋಡಿ, ಉತ್ತರ ಏನೇ ಬಂದರೂ ನಾಳೆ ನನ್ನ ನಿರ್ಧಾರ ಹೇಳುತ್ತೇನೆ" ಅಂತ ವಿನಯದಿಂದ ಒತ್ತಿ ಹೇಳಬಹುದು.

5. ನಿಮ್ಮನ್ನು ಕೇಳದೆ ರೆಸ್ಯೂಮೆ ಎಲ್ಲೂ ಹೋಗಬಾರದು

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಾನು ಪೆಟ್ಟು ತಿಂದ ಜಾಗ ಇದು.

ಒಮ್ಮೆ ಒಂದೇ ವಾರದಲ್ಲಿ ಇಬ್ಬರು ಕನ್ಸಲ್ಟೆನ್ಸಿಯವರು ಫೋನ್ ಮಾಡಿದರು. "ದೊಡ್ಡ ಕಂಪನಿ, ಹೆಸರು ಆಮೇಲೆ ಹೇಳುತ್ತೇವೆ" ಅಂದರು. ಇಬ್ಬರು ಹೇಳಿದ ವಿವರವೂ ಬೇರೆ ಬೇರೆ ಥರ ಇತ್ತು. ಇಬ್ಬರಿಗೂ ರೆಸ್ಯೂಮೆ ಕೊಟ್ಟೆ. ಎರಡೂ ಒಂದೇ ಕಂಪನಿಯ ಒಂದೇ ಹುದ್ದೆಯಾಗಿತ್ತು. ಕಂಪನಿಯವರು ನನ್ನ ಹೆಸರನ್ನೇ ಪಕ್ಕಕ್ಕಿಟ್ಟರು. ಇಂಟರ್‌ವ್ಯೂ ಕೂಡ ಆಗಲಿಲ್ಲ. ಮೂರು ವಾರದ ಮೇಲೆ ಆ ಇಬ್ಬರಲ್ಲಿ ಒಬ್ಬರು ಕಾರಣ ಹೇಳಿದಾಗ ಆದ ಸಂಕಟ ಇವತ್ತಿಗೂ ನೆನಪಿದೆ.

ಕಂಪನಿ ಹೀಗೆ ಮಾಡುವುದಕ್ಕೆ ಕಾರಣ ಇದೆ. ಒಬ್ಬ ಅಭ್ಯರ್ಥಿಯನ್ನು ಇಬ್ಬರು ಕಳಿಸಿದರೆ ಫೀಸು ಯಾರಿಗೆ ಅನ್ನುವ ಜಗಳ ಬರುತ್ತದೆ. ಆ ತಲೆನೋವೇ ಬೇಡ ಅಂತ ಕೆಲವು ಕಂಪನಿಗಳು ಆ ಹೆಸರನ್ನೇ ಬಿಡುತ್ತವೆ. ನೀವು ಮೊದಲೇ ಕಂಪನಿಯ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಿದ್ದರೂ ಇದೇ ತೊಡಕು. ಒಮ್ಮೆ ಒಂದು ಏಜೆನ್ಸಿ ನಿಮ್ಮನ್ನು ಕಳಿಸಿತು ಅಂದರೆ, ಒಪ್ಪಂದ ನೋಡಿಕೊಂಡು ಆರು ತಿಂಗಳೋ ಒಂದು ವರ್ಷವೋ ಆ ಕಂಪನಿಯ ಮಟ್ಟಿಗೆ ನೀವು ಆ ಏಜೆನ್ಸಿಯ ಅಭ್ಯರ್ಥಿ ಅನ್ನುವ ಲೆಕ್ಕವೂ ಇರುತ್ತದೆ.

ಹಾಗಾಗಿ ರೆಸ್ಯೂಮೆ ಕೊಡುವಾಗಲೇ ಬರಹದಲ್ಲಿ ಹೀಗೆ ಹೇಳಿಬಿಡಿ:

"ರೆಸ್ಯೂಮೆ ಕಳಿಸಿದ್ದೇನೆ. ದಯವಿಟ್ಟು ಯಾವುದೇ ಕಂಪನಿಗೆ ಕಳಿಸುವ ಮೊದಲು ಕಂಪನಿಯ ಹೆಸರು, ಹುದ್ದೆಯ ಹೆಸರು ತಿಳಿಸಿ ನನ್ನ ಒಪ್ಪಿಗೆ ಪಡೆಯಿರಿ. ನಾನು ಅದೇ ದಿನ ಉತ್ತರಿಸುತ್ತೇನೆ."

ಕೊನೆಯ ಸಾಲು ಸುಮ್ನೆ ಬರೆದದ್ದಲ್ಲ. ಏಜೆನ್ಸಿಗಳ ನಡುವೆ ಯಾರು ಮೊದಲು ಕಳಿಸಿದರು ಅನ್ನುವ ಓಟ ಇರುತ್ತದೆ. ತಡವಾಗಿ ಉತ್ತರಿಸುವವರನ್ನು ಅವರು ಬಿಟ್ಟು ಮುಂದೆ ಹೋಗುತ್ತಾರೆ. ನೀವು ಷರತ್ತು ಹಾಕುತ್ತೀರಿ ಅಂದರೆ ಬೇಗ ಉತ್ತರಿಸುವ ಜವಾಬ್ದಾರಿಯೂ ನಿಮ್ಮದೇ.

ಜೊತೆಗೆ ಒಂದು ಪಟ್ಟಿ ಇಟ್ಟುಕೊಳ್ಳಿ. ಎಕ್ಸೆಲ್ ಆದರೂ ಸರಿ, ನೋಟ್‌ಬುಕ್ ಆದರೂ ಸರಿ. ಯಾವ ಕಂಪನಿ, ಯಾವ ಹುದ್ದೆ, ಯಾರ ಮೂಲಕ, ಯಾವ ದಿನ ಹೋಯಿತು, ಎಷ್ಟು ಸಂಬಳ ಹೇಳಿದ್ದೆ, ಮುಂದೆ ಏನು. ಹತ್ತು ಕಡೆ ಮಾತು ನಡೆಯುವಾಗ ಯಾರಿಗೆ ಏನು ಹೇಳಿದೆ ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ಇನ್ನೊಬ್ಬರು ಅದೇ ಕಂಪನಿಗೆ ಕೇಳಿದರೆ "ಅಲ್ಲಿಗೆ ಈಗಾಗಲೇ ಹೋಗಿದೆ" ಅಂತ ಹೇಳಲು ಈ ಪಟ್ಟಿ ಬೇಕು.

ಏಜೆನ್ಸಿಯವರು ನಿಮ್ಮ ರೆಸ್ಯೂಮೆಯನ್ನು ತಮ್ಮ ನಮೂನೆಗೆ ಬದಲಿಸಿ ಕಳಿಸುವುದು ಸಾಮಾನ್ಯ. ಫೋನ್ ನಂಬರ್ ತೆಗೆಯುತ್ತಾರೆ, ತಮ್ಮ ಲೋಗೋ ಹಾಕುತ್ತಾರೆ. ಅದು ಪರವಾಗಿಲ್ಲ. ಆದರೆ ಕಳಿಸಿದ ಪ್ರತಿಯನ್ನು ಕೇಳಿ ಪಡೆಯಿರಿ. ನಿಮಗೆ ಗೊತ್ತಿಲ್ಲದ ಕೌಶಲ ಅದರಲ್ಲಿ ಸೇರಿಕೊಂಡಿದ್ದರೆ, ಇಂಟರ್‌ವ್ಯೂನಲ್ಲಿ ಉತ್ತರ ಕೊಡಬೇಕಾದವರು ನೀವು.

6. ಕಳಿಸಿದ ಮೇಲೆ ಕಾಯುವುದು

ಮಾತು ಮುಗಿಸುವಾಗಲೇ "ಯಾವಾಗ ತಿಳಿಯಬಹುದು?" ಅಂತ ಕೇಳಿ. ಅವರು ಹೇಳಿದ ದಿನ ದಾಟಿ ಒಂದೆರಡು ದಿನ ಬಿಟ್ಟು ಒಂದು ಚಿಕ್ಕ ಮೆಸೇಜ್ ಹಾಕಿ. ದಿನ ಹೇಳಿರದಿದ್ದರೆ ಒಂದು ವಾರ ಕಾಯಿರಿ. "ಏನಾಯಿತು?" ಅಂತ ಮಾತ್ರ ಬರೆಯಬೇಡಿ. ಅವರು ಏಕಕಾಲಕ್ಕೆ ಹತ್ತಾರು ಹುದ್ದೆ ನೋಡುತ್ತಿರುತ್ತಾರೆ. ನಿಮ್ಮ ಹೆಸರು, ಹುದ್ದೆ, ಕಂಪನಿ, ಕಳಿಸಿದ ದಿನ ಒಂದೇ ಸಾಲಿನಲ್ಲಿ ಇರಲಿ. ಹೇಳಲು ಹೊಸದು ಇದ್ದರೆ ಅದನ್ನೂ ಸೇರಿಸಿ: ಬೇರೆ ಕಡೆ ಎರಡನೇ ಸುತ್ತು ಮುಗಿಯಿತು, ಬೇಗ ಸೇರಬಹುದು, ಹೀಗೆ.

ಎರಡು ಸಲ ಬರೆದರೂ ಉತ್ತರ ಬರದಿದ್ದರೆ ಆ ಬಾಗಿಲು ಸದ್ಯಕ್ಕೆ ಮುಚ್ಚಿದೆ ಅಂತ ಪಟ್ಟಿಯಲ್ಲಿ ಬರೆದು ಮುಂದೆ ಹೋಗಿ. ಹುದ್ದೆ ನಿಂತುಹೋಗಿರಬಹುದು. ಒಳಗಿನವರಿಗೇ ಕೊಟ್ಟಿರಬಹುದು. ಮುಖ್ಯಸ್ಥರು ಅವರಿಗೂ ಉತ್ತರ ಕೊಡದೇ ಇರಬಹುದು, ಅದನ್ನು ನಾನು ಹತ್ತಿರದಿಂದ ನೋಡಿದ್ದೇನೆ. "ಆಗಲಿಲ್ಲ" ಅಂತ ಒಂದು ಸಾಲು ಬರೆಯದೇ ಇರುವುದು ಸರಿಯಲ್ಲ, ಅದಕ್ಕೆ ನಾನು ಸಮರ್ಥನೆ ಕೊಡುವುದಿಲ್ಲ. ಆದರೆ ಆ ಮೌನವನ್ನು ನಿಮ್ಮ ಯೋಗ್ಯತೆಯ ತೀರ್ಪು ಅಂತ ಓದಬೇಡಿ.

ಒಬ್ಬರನ್ನೇ ನಂಬಿ ಕೂರುವುದೂ ಬೇಡ. ನಿಮ್ಮ ಕ್ಷೇತ್ರ ಚೆನ್ನಾಗಿ ಗೊತ್ತಿರುವ ಮೂರ್ನಾಲ್ಕು ರಿಕ್ರೂಟರ್‌ಗಳು ಸಾಕು. ಜೊತೆಗೆ ನೇರ ಅರ್ಜಿಗಳು, ಪರಿಚಿತರ ಶಿಫಾರಸು ಎರಡೂ ನಡೆಯುತ್ತಿರಲಿ.

7. ಇಂಟರ್‌ವ್ಯೂ ಗೊತ್ತಾದ ಮೇಲೆ

ಈಗ ನಿಮ್ಮ ಗುರಿ, ರಿಕ್ರೂಟರ್ ಗುರಿ ಎರಡೂ ಒಂದೇ ಆಯಿತು. ಇದನ್ನು ಬಹಳ ಜನ ಬಳಸಿಕೊಳ್ಳುವುದೇ ಇಲ್ಲ. ಹತ್ತು ನಿಮಿಷ ಸಮಯ ಕೇಳಿ. ಇಂಟರ್‌ವ್ಯೂ ಮಾಡುವವರು ಯಾರು, ಅವರು ಯಾವುದರ ಮೇಲೆ ಜಾಸ್ತಿ ಒತ್ತು ಕೊಡುತ್ತಾರೆ, ಎಷ್ಟು ಸುತ್ತು, ಬರೆಯುವ ಪರೀಕ್ಷೆ ಇದೆಯಾ, ನನ್ನ ರೆಸ್ಯೂಮೆ ನೋಡಿ ಅವರಿಗೆ ಏನಾದರೂ ಅನುಮಾನ ಬಂದಿದೆಯಾ ಅಂತ ಕೇಳಿ. ಆ ಅನುಮಾನ ಗೊತ್ತಾದರೆ ಉತ್ತರ ಮೊದಲೇ ತಯಾರಿರುತ್ತದೆ.

ಇಂಟರ್‌ವ್ಯೂ ಮುಗಿದ ದಿನವೇ ಅವರಿಗೆ ಫೋನ್ ಮಾಡಿ. ಹೇಗಾಯಿತು, ಎಲ್ಲಿ ಎಡವಿದೆ, ಇನ್ನೂ ಆಸಕ್ತಿ ಇದೆಯಾ ಅಂತ ಪ್ರಾಮಾಣಿಕವಾಗಿ ಹೇಳಿ. ಏಜೆನ್ಸಿಯವರಾದರೆ ನೀವು ಹೇಳಿದ್ದನ್ನು ಹಿಡಿದು ಕಂಪನಿಯ ಜೊತೆ ಮಾತಾಡುತ್ತಾರೆ. "ಆ ಪ್ರಶ್ನೆಗೆ ಉತ್ತರ ಸರಿಯಾಗಿ ಹೇಳಲಿಲ್ಲ ಅಂತ ಅವರಿಗೇ ಅನಿಸಿದೆ, ಒಂದು ಉದಾಹರಣೆ ಮೇಲ್ ಮಾಡಿದ್ದಾರೆ" ಅನ್ನುವ ಮಾತು ನನ್ನ ನಿರ್ಧಾರವನ್ನು ಒಂದೆರಡು ಸಲ ಬದಲಿಸಿದೆ.

8. ಆಫರ್ ಬಂದಾಗ

ಬಾಯಿ ಮಾತಿನ ಆಫರ್ ನಂಬಿ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಪತ್ರ ಕೈಗೆ ಬರಲಿ. ಹುದ್ದೆ, ಸಂಬಳದ ಭಾಗಗಳು, ಸೇರುವ ದಿನ, ನೋಟಿಸ್ ಪೀರಿಯಡ್, ಪ್ರೊಬೇಷನ್ ಎಲ್ಲ ಓದಿ. ರಿಕ್ರೂಟರ್ ಹೇಳಿದ್ದಕ್ಕೂ ಪತ್ರದಲ್ಲಿ ಇರುವುದಕ್ಕೂ ವ್ಯತ್ಯಾಸ ಇದ್ದರೆ ಸಹಿಗೆ ಮೊದಲೇ ಕೇಳಿ.

ಬೇರೆ ಕಡೆ ಮಾತು ನಡೆಯುತ್ತಿದ್ದರೆ ಮುಚ್ಚಿಡಬೇಡಿ. "ಇನ್ನೊಂದು ಕಡೆ ಕೊನೆಯ ಸುತ್ತು ಶುಕ್ರವಾರ ಇದೆ" ಅಂದರೆ ಒಳ್ಳೆಯ ರಿಕ್ರೂಟರ್ ಕಂಪನಿಯನ್ನು ಬೇಗ ಮಾಡುವಂತೆ ಒತ್ತಾಯಿಸುತ್ತಾರೆ. ಇಲ್ಲದ ಆಫರ್ ಇದೆ ಅಂತ ಮಾತ್ರ ಹೇಳಬೇಡಿ. ಒಂದು ಕ್ಷೇತ್ರದ ರಿಕ್ರೂಟರ್‌ಗಳು ಒಬ್ಬರಿಗೊಬ್ಬರು ಪರಿಚಯ ಇರುತ್ತಾರೆ.

ರಾಜೀನಾಮೆ ಕೊಟ್ಟಾಗ ಈಗಿನ ಕಂಪನಿ ಸಂಬಳ ಏರಿಸುತ್ತೇವೆ, ಇರಿ ಅನ್ನಬಹುದು. ಇದಕ್ಕೆ ರಿಕ್ರೂಟರ್ ಕೊಡುವ ಸಲಹೆ ಯಾವಾಗಲೂ "ಇರಬೇಡಿ" ಅಂತಲೇ. ಅದರಲ್ಲಿ ಅವರ ಲಾಭ ಇದೆ, ಅದು ಗೊತ್ತಿರಲಿ. ನೀವು ಬಿಡಲು ಹೊರಟ ಕಾರಣವನ್ನು ಕೆಲಸ ಹುಡುಕಲು ಶುರು ಮಾಡಿದ ದಿನವೇ ಒಂದು ಕಾಗದದ ಮೇಲೆ ಬರೆದಿಡಿ. ಕಂಪನಿ "ಇರಿ" ಅಂದ ದಿನ ಅದನ್ನು ತೆಗೆದು ಓದಿ. ಕಾರಣ ದುಡ್ಡು ಮಾತ್ರ ಆಗಿದ್ದರೆ ಉಳಿಯುವುದನ್ನು ಯೋಚಿಸಬಹುದು. ಬೇರೆ ಏನೋ ಆಗಿದ್ದರೆ ಸಂಬಳ ಏರಿದ ಮಾತ್ರಕ್ಕೆ ಅದು ಹೋಗುವುದಿಲ್ಲ, ಅಲ್ವಾ?

ಇಂಥವರಿಂದ ದೂರ ಇರಿ

ಕೆಲಸ ಕೊಡಿಸಲು ದುಡ್ಡು ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ರಿಜಿಸ್ಟ್ರೇಷನ್ ಫೀಸು, ಟ್ರೈನಿಂಗ್ ಫೀಸು, ಲ್ಯಾಪ್‌ಟಾಪ್ ಡೆಪಾಸಿಟ್, ಆಮೇಲೆ ವಾಪಸ್ ಕೊಡುತ್ತೇವೆ ಅನ್ನುವ ದುಡ್ಡು, ಹೆಸರು ಏನೇ ಇರಲಿ. ಕೆಲಸಗಾರರಿಂದ ಖಾಸಗಿ ಏಜೆನ್ಸಿಗಳು ನೇರವಾಗಿಯಾಗಲಿ ಬಳಸುದಾರಿಯಲ್ಲಾಗಲಿ ಫೀಸು ತೆಗೆದುಕೊಳ್ಳಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಪ್ಪಂದದ 7ನೇ ವಿಧಿ ಹೇಳುತ್ತದೆ. ಎಲ್ಲ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲ, ಕೆಲವು ವಿನಾಯಿತಿಗಳೂ ಇವೆ. ಆದರೂ ನಿಮಗೆ ಇದೇ ಅಳತೆಗೋಲು ಸಾಕು.

ಇಂಟರ್‌ವ್ಯೂ ಇಲ್ಲದೆ ಆಫರ್ ಕೊಡುವವರು, ಚಾಟ್‌ನಲ್ಲಿ ಮಾತ್ರ ಸಿಗುವವರು, ದೊಡ್ಡ ಕಂಪನಿಯ ಹೆಸರು ಹೇಳಿ ಸಾಮಾನ್ಯ ಜಿಮೇಲ್‌ನಿಂದ ಬರೆಯುವವರು, ಇವರ ಬಗ್ಗೆ ಹುಷಾರು. ಕಂಪನಿಯ ವೆಬ್‌ಸೈಟ್‌ಗೆ ನೀವೇ ಹೋಗಿ, ಅಲ್ಲಿನ ನಂಬರಿಗೆ ಫೋನ್ ಮಾಡಿ ಹುದ್ದೆ ನಿಜವಾ ಅಂತ ಕೇಳಿ. ಒಟಿಪಿ ಯಾರಿಗೂ ಹೇಳಬೇಡಿ. ಬ್ಯಾಂಕ್ ಖಾತೆಯ ವಿವರ, ಗುರುತಿನ ಚೀಟಿಯ ಪ್ರತಿ ಆಫರ್ ಖಚಿತವಾಗುವವರೆಗೆ ನಿಮ್ಮ ಬಳಿಯೇ ಇರಲಿ. ಈಗಿನ ಮ್ಯಾನೇಜರ್ ಹೆಸರನ್ನು ಮೊದಲ ಕರೆಯಲ್ಲೇ ರೆಫರೆನ್ಸ್ ಅಂತ ಕೇಳಿದರೆ "ಆಫರ್ ಹಂತಕ್ಕೆ ಬಂದಾಗ ಕೊಡುತ್ತೇನೆ" ಅನ್ನಿ. ಆ ಹೆಸರು ಹಿಡಿದು ಆ ಮ್ಯಾನೇಜರ್‌ಗೇ "ನಿಮಗೆ ಜನ ಬೇಕಾ?" ಅಂತ ಫೋನ್ ಮಾಡುವವರೂ ಇದ್ದಾರೆ.

ಸೇರಿದ ಮೇಲೆ

ಪಟ್ಟಿ ತೆಗೆದು ನೋಡಿ. ಮಾತು ಅರ್ಧಕ್ಕೆ ನಿಂತಿರುವ ಪ್ರತಿಯೊಬ್ಬ ರಿಕ್ರೂಟರ್‌ಗೂ ಒಂದು ಸಾಲು ಬರೆಯಿರಿ: "ನಾನು ಬೇರೆ ಕಡೆ ಸೇರಿದ್ದೇನೆ, ನನ್ನ ಹೆಸರನ್ನು ಈ ಹುದ್ದೆಯಿಂದ ತೆಗೆಯಿರಿ, ನಿಮ್ಮ ಸಮಯಕ್ಕೆ ಧನ್ಯವಾದ." ನಿಮಗೆ ಚೆನ್ನಾಗಿ ಸಹಾಯ ಮಾಡಿದ ಒಬ್ಬಿಬ್ಬರ ನಂಬರನ್ನು ಯಾವ ಕ್ಷೇತ್ರದವರು ಅನ್ನುವುದರ ಸಮೇತ ಉಳಿಸಿಕೊಳ್ಳಿ. ಅವರು ಕಂಪನಿ ಬದಲಿಸುತ್ತಲೇ ಇರುತ್ತಾರೆ. ಹಾಗಾಗಿ ಆಫೀಸಿನ ಮೇಲ್ ಐಡಿ ಜೊತೆಗೆ ಅವರ ಲಿಂಕ್ಡ್‌ಇನ್ ಪ್ರೊಫೈಲ್ ಕೂಡ ಸೇರಿಸಿಟ್ಟುಕೊಳ್ಳಿ.